ಪದಚರ್ಚೆ: ‘ನಾಲಿಗೆ ತೊಳಸು’ ನಿಮ್ಮ ಕಡೆ ಇದೆಯೇ?

ನಮಸ್ಕಾರ. ಸಾಗರದ ಕಡೆಯವನು ನಾನು. ಸೋದರಮಾವನ ಆಸ್ಪತ್ರೆ ಚೀಟಿಯನ್ನು ಮನೆಯವರಿಗೆಂದು ಕನ್ನಡದಲ್ಲಿ ಬರೆಯಲು ಕೂತು, ನಾಲಿಗೆ ತಾನಾಗಿ ಆಡುವುದನ್ನು ಹೇಳುವ ಒಂದೇ ಸಾಲಿಗೆ ಸಿಕ್ಕಿಬಿದ್ದಿದ್ದೇನೆ.

ಕಾಯಿಲೆ ಬೆಹ್ಚೆಟ್, ರಕ್ತನಾಳಗಳು ಉರಿಯೂತಕ್ಕೆ ಸಿಕ್ಕಿ ಬಾಯಿ, ಕಣ್ಣು ಹೀಗೆ ಹಲವು ಕಡೆ ಕಾಡುವಂಥದ್ದು. 1937ರಲ್ಲಿ ಅದನ್ನು ವಿವರಿಸಿದ ಟರ್ಕಿಯ ಚರ್ಮವೈದ್ಯ ಹುಲೂಸಿ ಬೆಹ್ಚೆಟ್ ಹೆಸರೇ ನಿಂತಿದೆ. ಮಾವನಿಗೆ ಬಾಯಿಹುಣ್ಣು ಬಂದಾಗಲೆಲ್ಲ ‘ಉಷ್ಣ’ ಅಂತ ಒಂದೆಲಗದ ತಂಬುಳಿ ಉಣ್ಣಿಸಿದ್ದೇ ಉಣ್ಣಿಸಿದ್ದು. ಆಮೇಲೆ ಕಣ್ಣು ಕೆಂಪಾಯಿತು, ಕಡೆಗೆ ಮಿದುಳಿನ ರಕ್ತನಾಳಕ್ಕೂ ತಟ್ಟಿತು. ಈಗ ನಾಲಿಗೆ ತಾನಾಗಿ ಬಾಯೊಳಗೆ ಸುತ್ತುತ್ತದೆ, ದವಡೆಗೆ ಒತ್ತುತ್ತದೆ. ನಿದ್ದೆ ಹತ್ತಿದರೆ ನಿಲ್ಲುತ್ತದೆ. ಕವಳ (ಎಲೆಯಡಿಕೆ) ಬಿಟ್ಟು ವರ್ಷವಾಯಿತು, ಆದರೂ ಕಂಡವರು ‘ಕವಳ ಉಗಿದು ಬಾ ಮಾರಾಯ, ಆಮೇಲೆ ಮಾತಾಡು’ ಅನ್ನುತ್ತಾರೆ.

ಚೀಟಿಯ ‘ಆಟೋಇಮ್ಯೂನ್’ಗೆ ‘ಸ್ವಯಂನಿರೋಧಕ’ ಅಂತ ಬರೆದರೆ ದೇಹ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ ಅನ್ನಿಸುತ್ತದೆ, ನಡೆಯುವುದು ತಿರುವುಮುರುವು: ದೇಹದ ಕಾವಲೇ ದೇಹದ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂದೆ, ಅತ್ತೆಗೆ ತಿಳಿಯಿತು. ‘ಉರಿಯೂತ’ಕ್ಕೆ (ಇನ್‌ಫ್ಲಮೇಶನ್) ಮಾತ್ರ ‘ಉರಿಯೂ ಇಲ್ಲ, ಊತವೂ ಇಲ್ಲವಲ್ಲೋ’ ಅಂದರು. ಇರಲಿ.

ತೊಡಕು ‘ಅನೈಚ್ಛಿಕ ಚಲನೆ’ಯಲ್ಲಿ, ಅಂದರೆ ನಮ್ಮ ಇಚ್ಛೆಯಿಲ್ಲದೆ ಆಗುವ ಚಲನೆ. ಶಾಲೆಯಲ್ಲಿ ಅನೈಚ್ಛಿಕ ಸ್ನಾಯು ಅಂದರೆ ಹೃದಯದ್ದು, ಕರುಳಿನದು. ನಾಲಿಗೆಯದು ಐಚ್ಛಿಕ ಅಂತಲೇ ಕಲಿತದ್ದು. ಓದಿದ ತಂಗಿ ಅಲ್ಲೇ ತಡವರಿಸಿದಳು. ಹಾಗಾಗಿ ‘ನಾಲಿಗೆ ಆಡಿಸುತ್ತಾರೆ’ ಅಂತ ತಿದ್ದಿದೆ. ಅತ್ತೆ ರೇಗಿದರು: ‘ಅವರೆಲ್ಲಿ ಆಡಿಸ್ತಾರೆ? ಅದೇ ತೊಳಸ್ತದೆ.’

ಆಗ ಹೊಳೆಯಿತು. ಕಡುಬಿನ ಹಿಟ್ಟು ತೊಳಸುವಾಗ ಸಟ್ಟುಗ ಹಿಡಿದ ಕೈ ಬೇಕು. ಹೊಟ್ಟೆ ತೊಳಸುವಾಗ ಯಾರ ಕೈಯೂ ಇಲ್ಲ, ಅದು ತಾನಾಗಿ ಆಗುವುದು. ‘ತನ್ನಿಚ್ಛೆ ಮೀರಿ’ ಅನ್ನುವುದು ಕ್ರಿಯಾಪದದ ಒಳಗೇ ಕೂತಿದೆ, ಮುಂದೆ ‘ಅ’ ಅಂಟಿಸುವುದು ಬೇಡ. ಬೇರೆ ಪದಗಳನ್ನೂ ತೂಗಿ ನೋಡಿದೆ. ‘ಅದುರು’ ಸಣ್ಣದು, ಕಣ್ಣಿನ ರೆಪ್ಪೆಗೆ ಸರಿ. ‘ಹೊರಳು’ ಉಚ್ಚಾರಣೆಯ ಪಾಲಾಗಿದೆ. ‘ಬಾಯಾಡಿಸು’ ಅಂದರೆ ಚಕ್ಕುಲಿಯೇ ನೆನಪಾಗುತ್ತದೆ.

ನನ್ನ ಅನುಮಾನ ಒಂದೇ: ನಾಲಿಗೆಗೆ ‘ತೊಳಸು’ ಹಚ್ಚಿದರೆ ಓದುವವರಿಗೆ ವಾಕರಿಕೆಯೇ ಮೊದಲು ನೆನಪಾಗುತ್ತದೆಯೇ? ಅತ್ತೆ ಹೊಸನಗರದ ಕಡೆಯಿಂದ ಬಂದವರು. ಇದು ಆ ಸೀಮೆಯ ಬಳಕೆಯೋ, ಅವರೇ ಆ ಹೊತ್ತಿಗೆ ಹೊಸೆದದ್ದೋ? ತೀರ್ಥಹಳ್ಳಿ, ಕೊಪ್ಪದವರು ಏನನ್ನುತ್ತೀರಿ ಅಂತ ತಿಳಿಸಿದರೆ ಉಪಕಾರ. ಚೀಟಿಯಲ್ಲಿ ಆ ಜಾಗ ಇನ್ನೂ ಖಾಲಿ ಬಿಟ್ಟಿದ್ದೇನೆ.