3 ತಿಂಗಳ ಟೈಮ್‌ಶೀಟ್ ಒಂದೇ ಸಲ ಜಿರಾಗೆ ಹಾಕೋದ್ ಹೇಗೆ? ಎಸ್ಟಿಮೇಟ್ ಹಾಳಾಗ್ಬಾರ್ದು

ಹೆಬ್ಬಾಳ್_ಟೆಸ್ಟರ್:
ನಮಸ್ಕಾರ ಎಲ್ರಿಗೂ. ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ಸಣ್ಣ ಕಂಪ್ನಿ ನಮ್ದು, 11 ಜನ. ಟಾಸ್ಕ್ ಎಲ್ಲ ಜಿರಾದಲ್ಲಿದೆ (ಕೆಲಸ ಟ್ರ್ಯಾಕ್ ಮಾಡೋ ಸಾಫ್ಟ್‌ವೇರ್), ಪ್ರತಿಯೊಂದಕ್ಕೂ ಶುರುನಲ್ಲೇ ಎಸ್ಟಿಮೇಟ್ ಹಾಕಿದೀವಿ, ಆದ್ರೆ ನಿಜವಾಗ್ಲೂ ಎಷ್ಟು ಗಂಟೆ ಹಿಡೀತು ಅನ್ನೋದನ್ನ ಒಬ್ರೂ ಅಲ್ಲಿ ಹಾಕಿಲ್ಲ, ಎಲ್ಲ ಅವರವರ ಎಕ್ಸೆಲ್‌ನಲ್ಲಿ ಬರ್ಕೊಂಡಿದಾರೆ, ಒಬ್ಬೊಬ್ರು ಒಂದೊಂದ್ ಥರ. ಈಗ ದಸರಾ ರಜೆಗೆ ಮುಂಚೆ ಕ್ಲೈಂಟ್‌ಗೆ ಅಂದ್ಕೊಂಡಿದ್ದೆಷ್ಟು ಆಗಿದ್ದೆಷ್ಟು ಅಂತ ರಿಪೋರ್ಟ್ ಬೇಕಂತೆ. 640 ಸಾಲು ಇದೆ. ಒಂದೊಂದೇ ಟಾಸ್ಕ್ ತೆಗ್ದು ಲಾಗ್ ವರ್ಕ್ ಒತ್ತುತ್ತಾ ಕೂತ್ರೆ ಜಂಬೂಸವಾರಿ ಮುಗ್ದು ಆನೆಗಳು ವಾಪಸ್ ಕಾಡಿಗೆ ಹೋಗಿರ್ತವೆ. ಪೈಥಾನ್ ಸ್ಕ್ರಿಪ್ಟ್ ಬರ್ದು ನನ್ನ ಟೋಕನ್‌ನಲ್ಲೇ (ಸ್ಕ್ರಿಪ್ಟ್‌ಗೆ ಕೊಡೋ ಲಾಗಿನ್ ಕೀ) ಎಲ್ಲಾ ತಳ್ಳಿಬಿಡೋಣ ಅಂತಿದೀನಿ. ಹಳೇ ಎಸ್ಟಿಮೇಟ್ ಅಳಿಸಿ ಹೋಗುತ್ತಾ?

ಸರಸ್ವತೀಪುರಂ_ಪಿಎಂ:
ನಿಮ್ಮ ಟೋಕನ್‌ನಲ್ಲಿ ತಳ್ಳಬೇಡಿ ಸರ್! ಎಪಿಐ ಮೂಲಕ, ಅಂದ್ರೆ ಸ್ಕ್ರಿಪ್ಟ್‌ನಿಂದ ನೇರವಾಗಿ ಹಾಕಿದ್ರೆ ಟೋಕನ್ ಯಾರ್ದೋ ಅವ್ರ ಹೆಸರಿಗೇ ಗಂಟೆ ಬೀಳೋದು, 11 ಜನರ 3 ತಿಂಗಳ ಕೆಲಸ ನೀವೊಬ್ರೇ ಮಾಡ್ದಂಗೆ ಕಾಣುತ್ತೆ. ಅಡ್ಮಿನ್ ಹತ್ರ ಸಿಎಸ್‌ವಿ ಇಂಪೋರ್ಟ್ (ಎಕ್ಸೆಲ್‌ನಿಂದ ಸೇವ್ ಮಾಡೋ ಫೈಲಲ್ಲಿ ಎಲ್ಲ ಒಟ್ಟಿಗೆ ಹಾಕೋದು) ಇರುತ್ತಲ್ಲ, ಅದ್ರಲ್ಲಿ ಟಾಸ್ಕ್ ಕೀ, ಅಂದ್ರೆ ಟಾಸ್ಕ್‌ನ ಗುರುತು, ಒಂದು ಕಾಲಂ, ವರ್ಕ್‌ಲಾಗ್ ಇನ್ನೊಂದು ಕಾಲಂ. ವರ್ಕ್‌ಲಾಗ್ ಒಳಗೆ ಕಾಮೆಂಟ್, ದಿನಾಂಕ, ಯಾರು, ಎಷ್ಟು ಹೊತ್ತು ಅಂತ ಸೆಮಿಕೋಲನ್ ಹಾಕಿ ಬರೀಬೇಕು. ಹೊತ್ತು ಸೆಕೆಂಡ್‌ನಲ್ಲಿರಬೇಕು, ಒಂದು ಗಂಟೆಗೆ 3600. 2 ಗಂಟೆ ಅಂತ ಬರೀ 2 ಹಾಕಿ ನೋಡಿ, ಎರಡೇ ಸೆಕೆಂಡ್‌ನಲ್ಲಿ ಕೆಲಸ ಮುಗಿಸಿರೋ ವೀರ ಆಗ್ತೀರ.

ಎಸ್ಟಿಮೇಟ್ ವಿಷಯಕ್ಕೆ ಬಂದ್ರೆ, ಲಾಗ್ ಮಾಡಿದ್ರೆ ಒರಿಜಿನಲ್ ಎಸ್ಟಿಮೇಟ್‌ಗೆ ಏನೂ ಆಗಲ್ಲ, ಕಮ್ಮಿ ಆಗೋದು ರಿಮೈನಿಂಗ್, ಅಂದ್ರೆ ಬಾಕಿ ಗಂಟೆ. ಎಡವೋದು ಅಲ್ಲೇ. 16 ಗಂಟೆ ಅಂದ್ಕೊಂಡಿದ್ದು 10ಕ್ಕೇ ಮುಗ್ದಿದೆ ಅನ್ಕೊಳ್ಳಿ, ಟಾಸ್ಕ್ ಕ್ಲೋಸ್ ಆಗಿದ್ರೂ 6 ಗಂಟೆ ಬಾಕಿ ಅಂತ ರಿಪೋರ್ಟ್‌ನಲ್ಲಿ ನಿಂತಿರುತ್ತೆ, ಕ್ಲೈಂಟ್ ಆ 6ನ್ನೇ ಹಿಡ್ಕೋತಾನೆ. ಮುಗ್ದಿರೋ ಟಾಸ್ಕ್‌ಗೆಲ್ಲ ರಿಮೈನಿಂಗ್ ಸೊನ್ನೆ ಮಾಡಿ.

ಮಂಡ್ಯದ್_ಹೈದ:
ಜಿರಾ ಗಿರಾ ಎಲ್ಲ ಆಮೇಲೆ ಕನಣ್ಣೋ, ಮೊದ್ಲು ಆ ಎಕ್ಸೆಲ್ ಬಿಚ್ಚಿ ನೋಡು. ನಮ್ಮ ಆಫೀಸಲ್ಲಿ ಒಂದೂವರೆ ಗಂಟೆ ಅನ್ನೋಕೆ ಒಬ್ಬ 1.5 ಅಂದವ್ನೆ, ಒಬ್ಬ 1:30 ಅಂದವ್ನೆ, ಇನ್ನೊಬ್ಬ ಪುಣ್ಯಾತ್ಮ 1.30 ಅಂತ ಹಾಕ್ಬುಟ್ಟವ್ನೆ. ಮೂರನೇದು 1 ಗಂಟೆ 18 ನಿಮಿಷ ಆಯ್ತದೆ, ಪ್ರತಿ ಸಲ 12 ನಿಮಿಷ ಸೋರಿ ಹೋಯ್ತದೆ. ಮುಕ್ಕಾಲು ಗಂಟೆಗೆ 0.45 ಹಾಕಿದ್ರಂತೂ ಬರೀ 27 ನಿಮಿಷ. ನಮ್ಗೆ ಗೊತ್ತಾಗಿದ್ದು ಎಲ್ಲಾ ಹಾಕಿ ಮುಗ್ಸಿ ಆದ್ಮೇಲೆ, ಆಮೇಲೆ ಭಾನುವಾರ ಪೂರ್ತಿ ಕೂತ್ಕೊಂಡು ತಿದ್ದಿದ್ವಿ, ಮನೇಲಿ ಬಾಡೂಟ ಇತ್ತು ಅದೂ ಹೋಯ್ತು.

ಸೆಕೆಂಡ್ ಮಾಡೋಕೆ 1:30 ಥರ ಇದ್ರೆ 86400ರಿಂದ ಗುಣ್ಸು (ಎಕ್ಸೆಲ್ ಅದ್ನ ದಿನದ ಭಾಗ ಅಂತ ಇಟ್ಕೊಂಡಿರ್ತದೆ), 1.5 ಥರ ಇದ್ರೆ 3600ರಿಂದ, ಎರಡೂ ಕಲ್ಸಬೇಡ. ಟೋಟಲ್ ಹಾಕ್ವಾಗ್ಲೂ ಉಸಾರು, 40 ಗಂಟೆ ಇರೋದು 16:00 ಅಂತ ತೋರ್ಸ್ತದೆ, 24 ದಾಟಿದ್ರೆ ಗಡಿಯಾರ ಮತ್ತೆ ಸೊನ್ನೆಯಿಂದ ಸುತ್ತದೆ, ಸೆಲ್ ಫಾರ್ಮ್ಯಾಟ್ ಬದಲಾಯ್ಸ್ಬೇಕು. ತಾರೀಕೂ ಅಷ್ಟೇಯಾ, 03/09 ಅಂದ್ರೆ ನಮ್ಗೆ ಸೆಪ್ಟೆಂಬರ್, ಎಕ್ಸೆಲ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ರೆ ಅದ್ಕೆ ಮಾರ್ಚ್.

ಹೆಬ್ಬಾಳ್_ಟೆಸ್ಟರ್:
ಅಯ್ಯೋ ಈಗಷ್ಟೇ ಹುಡುಕ್ದೆ, 1.30 ಅಂತ 38 ಕಡೆ ಇದೆ 🙏 ಇನ್ನೊಂದು ಡೌಟ್. ಇಬ್ರು ದಿನದ ಲೆಕ್ಕನೇ ಬರ್ದಿಲ್ಲ, ವಾರಕ್ಕೆ ಇಷ್ಟು ಅಂತ ಮಾತ್ರ ಇದೆ. ಒಬ್ರ ಶೀಟಂತೂ ಎಸ್ಟಿಮೇಟ್ ಎಷ್ಟಿತ್ತೋ ಆಗಿದ್ದೂ ಅಷ್ಟೇ, ಒಂದು ನಿಮಿಷ ಆಚೆ ಈಚೆ ಇಲ್ಲ.

ಸರಸ್ವತೀಪುರಂ_ಪಿಎಂ:
ವಾರದ ಲೆಕ್ಕನ ಸೋಮವಾರದಿಂದ ಶುಕ್ರವಾರಕ್ಕೆ ಸಮ ಹಂಚಿ ಚೆಂದ ಮಾಡೋಕೆ ಹೋಗ್ಬೇಡಿ. ಶುಕ್ರವಾರದ ಒಂದೇ ಎಂಟ್ರಿ ಮಾಡಿ, ಕಾಮೆಂಟ್‌ನಲ್ಲಿ ವಾರದ ಒಟ್ಟು ಅಂತ ಬರೀರಿ, ಕೇಳಿದ್ರೆ ಹೇಳೋಕೆ ಆಗುತ್ತೆ. ಎಸ್ಟಿಮೇಟನ್ನೇ ಕಾಪಿ ಹೊಡ್ದಿರೋ ಮಹಾಶಯರನ್ನ ಪಕ್ಕಕ್ಕೆ ಕರ್ದು ಕಾಫಿ ಕೊಡ್ಸಿ ಕೇಳಿ. ಬೈದ್ರೆ ಮುಂದಿನ ತಿಂಗಳು 15 ನಿಮಿಷ ಆಚೆ ಈಚೆ ಮಾಡಿ ಇದನ್ನೇ ಕೊಡ್ತಾರೆ, ಆಗ ಹಿಡಿಯೋಕೂ ಆಗಲ್ಲ. ನೆನಪಿಲ್ಲ ಅಂದ್ರೆ ಆ ಸಾಲು ಖಾಲಿ ಬಿಟ್ಟು ರಿಪೋರ್ಟ್‌ನಲ್ಲಿ ಲೆಕ್ಕ ಇಲ್ಲ ಅಂತ ಹಾಕಿ. ನಾನಂತೂ ಅಷ್ಟೇ ಮಾಡೋದು, ನಮ್ಮ ಮ್ಯಾನೇಜರ್‌ಗೆ ಇಷ್ಟ ಆಗಲ್ಲ ಅದು ಬೇರೆ ಮಾತು.

ಮಂಡ್ಯದ್_ಹೈದ:
640ನ್ನೂ ಒಂದೇ ಏಟ್ಗೆ ಹಾಕ್ಬುಡಬೇಡ, ಮೊದ್ಲು 3 ಸಾಲು ಹಾಕಿ ನೋಡು. ಅರ್ಧಕ್ಕೆ ನಿಂತು ಇನ್ನೊಂದ್ ಸಲ ಓಡ್ಸಿದ್ರೆ ಡಬಲ್ ಆದ್ರೂ ಆಯ್ತದೆ.

ಹೆಬ್ಬಾಳ್_ಟೆಸ್ಟರ್:
3 ಸಾಲು ಹೋಯ್ತು, ಹೆಸರು ಗಂಟೆ ಎರಡೂ ಸರಿ ಬಂತು. ಮೂರ್ರಲ್ಲಿ ಒಂದರ ತಾರೀಕು ಮಾತ್ರ ಮಾರ್ಚ್‌ಗೆ ಹೋಗಿದೆ 😅 ತಿದ್ಕೊಂಡು ಬರ್ತೀನಿ.