ಸಹಾಯ ಬೇಕು: ಬೇರೆ ಬೇರೆ ಜಡ್ಡಿಯ ಸಸಿ ಒಟ್ಟಿಗೆ ನೆಡಬಹುದಾ?

ಎಲ್ಲರಿಗೂ ನಮಸ್ಕಾರ. ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳಲ್ಲಿ (ರಾಮಪತ್ರೆ ಮರಗಳಿರುವ ಜೌಗು ಕಾಡುಗಳಲ್ಲಿ), ಹಳ್ಳದ ಅಂಚಿನಲ್ಲಿ ಬೆಳೆಯುವ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಮರದ ಬಗ್ಗೆ ಕೇಳಬೇಕಿತ್ತು. 2000ದಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾದ ಮರ ಇದು. ಉಳಿದಿರುವುದೇ ತುಂಬಾ ಕಡಿಮೆ. ಅದರಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಾಗಾಗಿ ಕಾಯಿ ಬಿಡುವ ಮರಗಳು ಇನ್ನೂ ಕಡಿಮೆ.

ಅರಣ್ಯ ಇಲಾಖೆಯ ಅನುಮತಿ ಪಡೆದು ಸಸಿ ಮಾಡುತ್ತಿದ್ದೇವೆ. ಬೀಜ ಒಣಗಿದರೆ ಮೊಳಕೆ ಬರುವುದಿಲ್ಲ, ಕೂಡಿಡಲು ಆಗುವುದಿಲ್ಲ. ಬಿದ್ದ ತಕ್ಷಣ ಬಿತ್ತಿ, ಯಾವ ತಾಯಿಮರದ್ದು ಎಂದು ಚೀಟಿ ಕಟ್ಟಿದ್ದೇವೆ. ಆದರೂ ಜಾಸ್ತಿ ಸಸಿಗಳು ಕೆಲವೇ ಮರಗಳವು. ಅವನ್ನಷ್ಟೇ ನೆಟ್ಟರೆ ಕಾಡೆಲ್ಲ ಅಕ್ಕ-ತಮ್ಮಂದಿರೇ ಆಗುತ್ತಾರೆ, ಮುಂದಿನ ಪೀಳಿಗೆ ಸೊರಗುತ್ತದೆ ಅಲ್ವಾ?

ಗೊಂದಲ ಇರುವುದು ಇಲ್ಲಿ. ಬೇರೆ ಜಡ್ಡಿಯ ಸಸಿ ಬೆರೆಸಿದರೆ ವೈವಿಧ್ಯ ಹೆಚ್ಚುತ್ತದೆ ಎಂದು ಕೆಲವರು ಹೇಳುತ್ತಾರೆ. ಆಯಾ ಜಾಗಕ್ಕೆ ಹೊಂದಿಕೊಂಡ ಗುಣ ಹಾಳಾಗುತ್ತದೆ, ಬೇಡ ಎಂದು ಇನ್ನು ಕೆಲವರು. ಎರಡೂ ಸರಿ ಅನಿಸುತ್ತದೆ. ಮಳೆಗಾಲದೊಳಗೆ ತೀರ್ಮಾನ ಆಗಲೇಬೇಕು.

ಡಿಎನ್‌ಎ ಪರೀಕ್ಷೆ ಮಾಡಿಸದೆ ಬೆರೆಸಬಹುದಾ? ಬೆರೆಸುವುದಾದರೆ ಹತ್ತಿರದ ಜಡ್ಡಿಗಳದ್ದು ಮಾತ್ರವಾ, ದೂರದ್ದೂ ಆಗುತ್ತದಾ? ಇಂಥ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.