ಹಳೇ ಸ್ಪೋರ್ಟ್ಸ್ ಕಾರಿಗೆ ಸಾಲ ಮಾಡಬಹುದಾ? 2007ರ ಕೇಮನ್ ಎಸ್ ನೋಡಿದ್ದೇನೆ

ತಿರುವಿನ_ದಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ. ಪೂರ್ತಿ ವಿಷಯ ಹೇಳದೆ ಸಲಹೆ ಕೇಳಿದರೆ ನಿಮಗೂ ಉತ್ತರ ಕೊಡೋದು ಕಷ್ಟ.

2007ರ ಪೋರ್ಷೆ ಕೇಮನ್ ಎಸ್ ಒಂದು ಮಾರಾಟಕ್ಕಿದೆ. 3.4 ಲೀಟರ್ ಎಂಜಿನ್, ಆರು ಗೇರಿನ ಮ್ಯಾನ್ಯುವಲ್, ಕಡು ನೀಲಿ ಬಣ್ಣ. ಈಗಿನ ಮಾಲೀಕರು ಮೂರನೆಯವರು, ತುಂಬಾ ವರ್ಷದಿಂದ ಇಟ್ಟುಕೊಂಡಿದ್ದಾರೆ. ಸರ್ವಿಸ್ ಬಿಲ್ಲುಗಳ ದಪ್ಪ ಫೈಲನ್ನೇ ಮುಂದಿಟ್ಟರು. ನಡುವೆ ಎರಡು ವರ್ಷದ ಕಾಗದ ಮಾತ್ರ ಇಲ್ಲ. ಕೇಳಿದ್ದಕ್ಕೆ "ಆಗ ಕಾರು ಜಾಸ್ತಿ ಓಡಿಲ್ಲ" ಅಂದರು.

ಓಡಿಸಿ ನೋಡಿದೆ. ಎಂಜಿನ್ ಬೆನ್ನ ಹಿಂದೆಯೇ ಇರುವುದರಿಂದ ಕಾರು ತಿರುಗುವ ರೀತಿಯೇ ಬೇರೆ. ಹೈಡ್ರಾಲಿಕ್ ಸ್ಟಿಯರಿಂಗ್, ರಸ್ತೆಯ ಒಂದೊಂದು ಉಬ್ಬೂ ಕೈಗೆ ಗೊತ್ತಾಗುತ್ತದೆ. ಹೊಸ ಕಾರುಗಳಲ್ಲಿ ನನಗೆ ಇದು ಸಿಕ್ಕಿಲ್ಲ. ಕಾಲೇಜು ದಿನಗಳಿಂದ ಮನಸ್ಸಿನಲ್ಲಿದ್ದ ಕಾರು ಇದು. ಈಗ ನನಗೆ 44.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ದಿನಾ ಓಡಾಡಲು ಬೇರೆ ಕಾರಿದೆ, ಅದರ ಸಾಲ ತೀರಿದೆ. ಸಂಬಳದ ಕೆಲಸ, ಬೇರೆ ಸಾಲ ಇಲ್ಲ. ಉಳಿತಾಯದಿಂದ ಪೂರ್ತಿ ದುಡ್ಡು ಕೊಟ್ಟು ಕಾರು ತರಬಹುದು, ಆದರೆ ಆಮೇಲೆ ಕೈಯಲ್ಲಿ ಎರಡು ತಿಂಗಳ ಮನೆ ಖರ್ಚಿನಷ್ಟೂ ಉಳಿಯಲ್ಲ. ಅಥವಾ ಅರ್ಧ ದುಡ್ಡು ಕೊಟ್ಟು ಉಳಿದರ್ಧಕ್ಕೆ ಐದು ವರ್ಷದ ಸಾಲ ಮಾಡಬಹುದು. ಒಬ್ಬರು 7% ಫ್ಲಾಟ್ ರೇಟ್ ಹೇಳಿದ್ದಾರೆ. ತಿಂಗಳ ಕಂತು ಕಟ್ಟೋದು ನನಗೆ ಕಷ್ಟ ಅಲ್ಲ.

ಹೆಂಡತಿ ಒಂದೇ ಮಾತು ಹೇಳಿದಳು: ತಗೊಳ್ಳಿ, ಆದರೆ ತುರ್ತಿಗೆ ಅಂತ ಇಟ್ಟ ದುಡ್ಡು ಮುಟ್ಟಬಾರದು. ಮಗಳು ಇನ್ನು ನಾಲ್ಕು ವರ್ಷಕ್ಕೆ ಕಾಲೇಜು ಸೇರುತ್ತಾಳೆ, ಆ ಖರ್ಚೂ ಬರುತ್ತದೆ.

ಈ ವಯಸ್ಸಿನ ಕಾರಿಗೆ ಸಾಲ ಮಾಡೋದು ಸರಿನಾ? ಅಥವಾ ದುಡ್ಡು ಕೂಡಿಟ್ಟು ಇನ್ನೆರಡು ವರ್ಷ ಬಿಟ್ಟು ತಗೊಳ್ಳಲಾ?

---

ಕೈಗಾಸು

ಸಾಲ ಬೇಡ. ಮನೆಗೆ, ಓದಿಗೆ, ಆಸ್ಪತ್ರೆಗೆ ಸಾಲ ಮಾಡಿದರೆ ಅರ್ಥ ಇದೆ. ಇದು ಆಸೆಗೆ ತರುವ ಎರಡನೇ ಕಾರು. ಕೆಲಸ ಹೋದರೆ ಮೊದಲು ಮಾರಬೇಕಾಗೋದೂ ಇದನ್ನೇ. ಅವಸರದಲ್ಲಿ ಮಾರುವವನಿಗೆ ಒಳ್ಳೆ ಬೆಲೆ ಸಿಗಲ್ಲ. ಎರಡು ವರ್ಷ ಕಾಯಿರಿ, ಇಂಥ ಕಾರು ಇನ್ನೊಂದು ಬಂದೇ ಬರುತ್ತದೆ.

---

ಲಿಫ್ಟ್_ಕೆಳಗೆ

ನನ್ನದು ಗ್ಯಾರೇಜ್ ಕೆಲಸ. ಈ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸಿದ್ದೇನೆ. ಮೇಲಿನವರ ಮಾತಿನಲ್ಲಿ ತೂಕ ಇದೆ, ಆದರೆ ನಾನು ಪೂರ್ತಿ ಒಪ್ಪಲ್ಲ. ಈ ಕಾರಿನ ಮಟ್ಟಿಗೆ ಸಾಲಕ್ಕಿಂತ ದೊಡ್ಡ ಅಪಾಯ ಖಾಲಿ ಕೈ.

ಕಾರಣ ಹೇಳ್ತೀನಿ. ಈ ಕಾರಿನ ಬೆಲೆ ಹೊಸದರಲ್ಲಿ ಇದ್ದದ್ದಕ್ಕಿಂತ ಎಷ್ಟೋ ಇಳಿದಿದೆ. ಸ್ಪೇರ್ ಪಾರ್ಟ್ಸ್ ಬೆಲೆ ಇಳಿದಿಲ್ಲ, ಏರಿದೆ. ಕಾರು ಕೊಳ್ಳುವಾಗ ನೀವು ಕೊಡುವುದು ಹಳೇ ಕಾರಿನ ದುಡ್ಡು. ರಿಪೇರಿ ಮಾಡಿಸುವಾಗ ಕೊಡುವುದು ಹೊಸ ಪೋರ್ಷೆಯ ದುಡ್ಡು. ನನ್ನ ಹತ್ತಿರ ಬಂದು ತಲೆ ಮೇಲೆ ಕೈ ಹೊತ್ತು ಕೂತವರಲ್ಲಿ ಹೆಚ್ಚಿನವರು ಕಂತಿಗೆ ಸೋತವರಲ್ಲ. ಕಾರಿಗೆ ಇದ್ದಬದ್ದ ದುಡ್ಡೆಲ್ಲ ಸುರಿದು, ಆರು ತಿಂಗಳಲ್ಲಿ ಕ್ಲಚ್ ಹೋದಾಗ ಏನೂ ಇಲ್ಲದೆ ನಿಂತವರು. ಈ ಕಾರಿನಲ್ಲಿ ಕ್ಲಚ್ ಹಾಕಬೇಕಾದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಬರೀ ಪಾರ್ಟ್ಸ್ ಖರ್ಚಲ್ಲ, ಕೂಲಿಯೂ ಜಾಸ್ತಿ.

ನೀವು ನೋಡಿದ 3.4 ಎಂಜಿನ್ನಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಸಿಲಿಂಡರ್ ಗೋಡೆ. ಪಿಸ್ಟನ್ ಉಜ್ಜಿ ಅಲ್ಲಿ ಗೀರು ಬೀಳುತ್ತದೆ. ಸಾದಾ ಕೇಮನ್‌ನ 2.7 ಲೀಟರ್ ಎಂಜಿನ್ನಲ್ಲಿ ಈ ತೊಂದರೆ ಕಡಿಮೆ. ಆಯಿಲ್ ಜಾಸ್ತಿ ಕುಡಿಯುವುದು, ಟಕಟಕ ಸದ್ದು, ಸೈಲೆನ್ಸರ್ ಕೊಳವೆಯಲ್ಲಿ ಮಸಿ, ಇವೆಲ್ಲ ಲಕ್ಷಣ. ಆದರೆ ಸದ್ದು ಕೇಳಿ ತೀರ್ಮಾನ ಮಾಡಬೇಡಿ. ಸ್ಪಾರ್ಕ್ ಪ್ಲಗ್ ತೆಗೆದು ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ಆರೂ ಸಿಲಿಂಡರ್ ನೋಡಿಸಿ. ಆಯಿಲ್ ಸಂಪ್, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿ, ಬಿಚ್ಚಿ ಕೆಳಗಿನಿಂದ ನೋಡಲು ಮಾಲೀಕರು ಒಪ್ಪಿದರೆ ಇನ್ನೂ ಒಳ್ಳೆಯದು. ಗೀರು ಬಿದ್ದಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕು. ಆ ಖರ್ಚು ಕಾರಿನ ಅರ್ಧ ಬೆಲೆ ದಾಟಬಹುದು.

ಇನ್ನು ಇಂಟರ್‌ಮೀಡಿಯೇಟ್ ಶಾಫ್ಟ್ ಬೇರಿಂಗ್. ಎಂಜಿನ್ ಒಳಗೆ ವಾಲ್ವ್‌ಗಳ ಕಡೆಗೆ ತಿರುಗುವ ಬಲ ದಾಟಿಸುವ ಶಾಫ್ಟನ್ನು ಹಿಡಿದಿಡುವ ಭಾಗ ಇದು. ಇದರ ಬಗ್ಗೆ ನೀವು ಓದಿ ಹೆದರಿರುತ್ತೀರಿ. 2007ರ ಎಂಜಿನ್ನಲ್ಲಿ ಇರೋದು ದೊಡ್ಡ ಬೇರಿಂಗ್, ಪೋರ್ಷೆಯದೇ ಹಳೇ ಬಾಕ್ಸ್‌ಟರ್ ಕಾರುಗಳಷ್ಟು ಕೈಕೊಡಲ್ಲ. ಆದರೆ ಅದನ್ನು ಬದಲಿಸಬೇಕೆಂದರೆ ಎಂಜಿನ್ ಕೇಸನ್ನೇ ಎರಡು ಮಾಡಬೇಕು. 2009ರಿಂದ ಬಂದ ಎಂಜಿನ್ನಲ್ಲಿ ಆ ಶಾಫ್ಟೇ ಇಲ್ಲ. ಬಜೆಟ್ ಸ್ವಲ್ಪ ಹಿಗ್ಗುವಂತಿದ್ದರೆ 2009ರ ನಂತರದ ಕಾರುಗಳನ್ನೂ ನೋಡಿ.

ಮ್ಯಾನ್ಯುವಲ್ ಅಂದಿರಿ. ಹಾಗಾದರೆ ಎಂಜಿನ್ ಕಂಪ್ಯೂಟರಿನಿಂದ ಓವರ್‌ರೆವ್ ರಿಪೋರ್ಟ್, ಅಂದರೆ ಎಂಜಿನ್ ಮಿತಿ ಮೀರಿ ತಿರುಗಿದ ದಾಖಲೆ, ತೆಗೆಸಲೇಬೇಕು. ಆಕ್ಸಿಲರೇಟರ್ ಎಷ್ಟೇ ಒತ್ತಿದರೂ ಒಂದು ಮಿತಿಗೆ ಎಂಜಿನ್ ತಾನೇ ತಡೆಯುತ್ತದೆ. ಆದರೆ ಜೋರಾಗಿ ಹೋಗುವಾಗ ನಾಲ್ಕಕ್ಕೆ ಹಾಕುವ ಬದಲು ಎರಡಕ್ಕೆ ಹಾಕಿಬಿಟ್ಟರೆ ಚಕ್ರಗಳೇ ಎಂಜಿನನ್ನು ಮಿತಿ ಮೀರಿ ತಿರುಗಿಸುತ್ತವೆ. ಈ ಕಾರು ಅದನ್ನು ಆರು ಹಂತಗಳಲ್ಲಿ, ಎಂಜಿನ್ ಎಷ್ಟನೇ ಗಂಟೆಯಲ್ಲಿ ಓಡುತ್ತಿದ್ದಾಗ ಆಯಿತು ಅನ್ನೋದರ ಸಮೇತ ಬರೆದಿಟ್ಟುಕೊಳ್ಳುತ್ತದೆ. ಮೇಲಿನ ಹಂತಗಳಲ್ಲಿ ಇತ್ತೀಚಿನ ದಾಖಲೆ ಇದ್ದರೆ ಆ ಕಾರು ಬಿಡಿ. ಅದೇ ರಿಪೋರ್ಟಿನಲ್ಲಿ ಒಟ್ಟು ಗಂಟೆಯೂ ಇರುತ್ತದೆ. ಓಡೋಮೀಟರಿನ ಕಿಲೋಮೀಟರನ್ನು ಅದರಿಂದ ಭಾಗಿಸಿ. ಬಂದ ಸರಾಸರಿ ವೇಗ ನಂಬುವ ಹಾಗಿಲ್ಲದಿದ್ದರೆ ಮೀಟರಿಗೆ ಕೈ ಹಾಕಿದ್ದಾರಾ ಅಂತ ವಿಚಾರಿಸಿ.

ಟೈರಿನ ಪಕ್ಕದಲ್ಲಿ ಅದು ಯಾವಾಗ ತಯಾರಾಯಿತು ಅಂತ ಹೇಳುವ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಹಿಂದಿನ ಟೈರು ಮುಂದಿನದಕ್ಕಿಂತ ಅಗಲ, ಹಾಗಾಗಿ ಅದಲು ಬದಲು ಮಾಡೋಕಾಗಲ್ಲ. ಸವೆಯೋದೂ ಹಿಂದಿನದೇ ಬೇಗ.

ನನ್ನ ಲೆಕ್ಕ ಇಷ್ಟು. ಕಾರು ಪರೀಕ್ಷೆಯಲ್ಲಿ ಪಾಸಾದರೆ ಅದರ ಬೆಲೆಯ ಐದನೇ ಒಂದು ಭಾಗ ರಿಪೇರಿಗೆ ಅಂತಲೇ ಬೇರೆ ಖಾತೆಯಲ್ಲಿಡಿ. ಅದು ನಿಮ್ಮ ತುರ್ತಿನ ದುಡ್ಡಲ್ಲ, ಅದರ ಮೇಲೆ ಇನ್ನೊಂದು. ಆ ದುಡ್ಡು ಉಳಿಸಿಕೊಳ್ಳೋಕೆ ಸ್ವಲ್ಪ ಸಾಲ ಮಾಡಬೇಕಾದರೆ ಮಾಡಿ, ನಾನು ಬೇಡ ಅನ್ನಲ್ಲ. ಆ ದುಡ್ಡನ್ನೂ ಡೌನ್ ಪೇಮೆಂಟಿಗೆ ಸೇರಿಸಿ ಸಾಲ ಕಡಿಮೆ ಮಾಡ್ತೀನಿ ಅಂದರೆ ಮಾತ್ರ ಬೇಡ ಅಂತೀನಿ.

---

ಬಡ್ಡಿ_ಲೆಕ್ಕ

ವಾಹನ ಸಾಲದ ಕೆಲಸ ಮಾಡಿ ಗೊತ್ತು. ಕಾರಿನ ಬಗ್ಗೆ ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ನಾನು ಆ 7% ಬಗ್ಗೆ ಮಾತ್ರ ಹೇಳ್ತೀನಿ.

ಫ್ಲಾಟ್ 7% ಅಂದರೆ 7% ಅಲ್ಲ. ಪಡೆದ ಪ್ರತಿ 100ಕ್ಕೆ ವರ್ಷಕ್ಕೆ 7ರಂತೆ ಐದು ವರ್ಷಕ್ಕೆ 35 ಬಡ್ಡಿ. ಒಟ್ಟು 135ನ್ನು 60 ಕಂತಿಗೆ ಹಂಚಿದರೆ ತಿಂಗಳಿಗೆ 2.25. ನೀವೋ ತಿಂಗಳು ತಿಂಗಳು ಅಸಲು ತೀರಿಸುತ್ತಾ ಬರುತ್ತೀರಿ. ಕೊನೆಯ ವರ್ಷ ಶುರುವಾಗುವಾಗ ನಿಮ್ಮ ಮೇಲೆ ಉಳಿದಿರೋದು ಕಾಲು ಭಾಗ ಸಾಲ, ಬಡ್ಡಿ ಮಾತ್ರ ಪೂರ್ತಿ 100ರ ಮೇಲೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು 12.5% ಆಗುತ್ತದೆ. ಇನ್ನೊಬ್ಬರು ರೆಡ್ಯೂಸಿಂಗ್, ಅಂದರೆ ಉಳಿದ ಅಸಲಿನ ಮೇಲೆ ಮಾತ್ರ, 11% ಬಡ್ಡಿ ಹೇಳಿದರೆ ಅದೇ ಅಗ್ಗ.

ಅದೇ 12.5%ಗೆ ಮೂರು ವರ್ಷದ ಸಾಲ ಮಾಡಿದರೆ ಪ್ರತಿ 100ಕ್ಕೆ ಕಂತು ಸುಮಾರು 3.35, ಒಟ್ಟು ಬಡ್ಡಿ 20ರ ಆಸುಪಾಸು. ಬಡ್ಡಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ಎರಡು ವರ್ಷ ಕಟ್ಟಿದ ಮೇಲೆ ಐದು ವರ್ಷದ ಸಾಲದಲ್ಲಿ ಇನ್ನೂ 67 ಬಾಕಿ ಇರುತ್ತದೆ, ಮೂರು ವರ್ಷದ್ದರಲ್ಲಿ 38. ಆಗ ಎಂಜಿನ್ ಹೋಯಿತು ಅಂತಿಟ್ಟುಕೊಳ್ಳಿ. ಕೆಟ್ಟು ನಿಂತ ಕಾರನ್ನು ಮಾರಿ ಸಾಲ ತೀರಿಸೋಕಾಗುತ್ತಾ ಅನ್ನೋದು ಈ ಅಂಕಿಯ ಮೇಲೆ ನಿಂತಿದೆ. ನೀವು ಅರ್ಧ ದುಡ್ಡು ಮೊದಲೇ ಹಾಕುವುದರಿಂದ ಪರವಾಗಿಲ್ಲ. 10% ಮಾತ್ರ ಹಾಕಿ ಐದು ವರ್ಷ ಎಳೆಯುವವರಿಗೆ ಇದು ನಿಜಕ್ಕೂ ಅಪಾಯ.

ಮಗಳು ಕಾಲೇಜಿಗೆ ಹೋಗೋದು ನಾಲ್ಕು ವರ್ಷಕ್ಕೆ ಅಂದಿರಿ. ಐದು ವರ್ಷದ ಸಾಲ ಆ ಖರ್ಚಿನ ಮೇಲೆ ಬಂದು ಬೀಳುತ್ತದೆ. ಮೂರು ವರ್ಷದ್ದು ಅಷ್ಟರಲ್ಲಿ ಮುಗಿದಿರುತ್ತದೆ. ಮೂರು ವರ್ಷದ ಕಂತು ಭಾರ ಅನ್ನಿಸಿದರೆ ವರ್ಷ ಹೆಚ್ಚಿಸಬೇಡಿ, ಸಾಲದ ಮೊತ್ತ ಇಳಿಸಿ.

ಸಹಿ ಮಾಡುವ ಮುಂಚೆ ಕೇಳಿ: ಅವಧಿಗೆ ಮೊದಲೇ ತೀರಿಸಿದರೆ ದಂಡ ಇದೆಯಾ, ಬಡ್ಡಿಯಲ್ಲಿ ಎಷ್ಟು ಬಿಡುತ್ತಾರೆ? ಬಡ್ಡಿಯನ್ನೆಲ್ಲ ಮೊದಲೇ ಲೆಕ್ಕಕ್ಕೆ ಸೇರಿಸಿದ್ದರೆ ಬೇಗ ತೀರಿಸಿದರೂ ಲಾಭ ಕಡಿಮೆ. ಸಾಲ ಇರುವಷ್ಟು ದಿನ ನಿಮ್ಮ ಕಾರಿನ ಹಾನಿಯೂ ಸೇರಿದ ಪೂರ್ತಿ ವಿಮೆಯನ್ನು ಸಾಮಾನ್ಯವಾಗಿ ಕಡ್ಡಾಯ ಮಾಡುತ್ತಾರೆ. ಅದರ ಕಂತು ಎಷ್ಟು ಅಂತ ಕಾರು ಕೊಳ್ಳುವ ಮುಂಚೆಯೇ ಕೇಳಿ. ಕಾರಿನ ಬೆಲೆಯನ್ನು ಮೊದಲೇ ಒಪ್ಪಿ ಬರೆದುಕೊಡುವ ವಿಮೆ ಸಿಕ್ಕರೆ ಈ ಥರದ ಕಾರಿಗೆ ಅದೇ ಸರಿ.

---

ಎರಡೇ_ಸೀಟು

ಸಾಲವೇ ಇಲ್ಲದ ದಾರಿ ಒಂದಿದೆ: ಮಜ್ದಾ ಎಂಎಕ್ಸ್-5 ಅನ್ನೋ ಚಿಕ್ಕ ಸ್ಪೋರ್ಟ್ಸ್ ಕಾರು. 1989ರಿಂದ ಬರುತ್ತಿದೆ, ಪಾರ್ಟ್ಸ್ ಸಿಗೋದು ಸುಲಭ, ಹಗುರ ಕಾರಾದ್ದರಿಂದ ಟೈರು, ಬ್ರೇಕು ಬೇಗ ಸವೆಯಲ್ಲ. ಕೇಮನ್ ಶಕ್ತಿ ಇಲ್ಲ, ಒಪ್ಪುತ್ತೇನೆ. ಆದರೆ ಸ್ಟಿಯರಿಂಗಿನ ಅನುಭವ ಬೇಕು ಅನ್ನೋದಾದರೆ ಮೊದಲ ಮೂರು ತಲೆಮಾರಿನದು ಒಮ್ಮೆ ಓಡಿಸಿ ನೋಡಿ. ಅವುಗಳಲ್ಲೂ ಪವರ್ ಸ್ಟಿಯರಿಂಗ್ ಇದ್ದರೆ ಅದು ಹೈಡ್ರಾಲಿಕ್ಕೇ. ಕೊಳ್ಳುವಾಗ ಅಡಿಯಲ್ಲಿ ತುಕ್ಕು ಹಿಡಿದಿದೆಯಾ ಅಂತ ನೋಡೋದು ಮರೆಯಬೇಡಿ.

---

ತಿರುವಿನ_ದಾರಿ

ಎಲ್ಲರಿಗೂ ತುಂಬಾ ಧನ್ಯವಾದ. ಫ್ಲಾಟ್ ಲೆಕ್ಕ ಓದಿದ ಮೇಲೆ ಕೂತು ನಾನೂ ಹಾಕಿ ನೋಡಿದೆ, ಸರಿಯಾಗಿದೆ. ಬೇರೆ ಕಡೆ ರೆಡ್ಯೂಸಿಂಗ್ ದರ ಕೇಳಿದ್ದೇನೆ. ಎಂಎಕ್ಸ್-5 ಒಳ್ಳೆ ಕಾರು, ಓಡಿಸಿದ್ದೇನೆ. ಆದರೆ ನನ್ನ ಮನಸ್ಸು ಕೇಮನ್ ಮೇಲೇ ಇದೆ. ಬೇರೆಯದು ತಂದರೆ ಆ ಆಸೆ ಹಾಗೇ ಉಳಿಯುತ್ತದೆ.

ಈಗ ಯೋಚನೆ ಹೀಗೆ: 60% ಕೈಯಿಂದ, 40% ಮೂರು ವರ್ಷದ ಸಾಲ. ತುರ್ತಿನ ದುಡ್ಡು ಮುಟ್ಟಲ್ಲ. ಆದರೆ ಹೀಗೆ ಮಾಡಿದರೆ ರಿಪೇರಿ ಖಾತೆಗೆ ಉಳಿಯೋದು ಕಾರಿನ ಬೆಲೆಯ 10% ಅಷ್ಟೇ. ಲಿಫ್ಟ್_ಕೆಳಗೆ ಅವರೇ, ಇಷ್ಟರಲ್ಲಿ ಶುರು ಮಾಡಬಹುದಾ? ಬೋರ್‌ಸ್ಕೋಪಿಗೆ ಮಾಲೀಕರು ಒಪ್ಪಿದ್ದಾರೆ. ಸಂಪ್ ಬಿಚ್ಚೋದಕ್ಕೆ ಹಿಂದೆಮುಂದೆ ನೋಡುತ್ತಿದ್ದಾರೆ.

---

ಲಿಫ್ಟ್_ಕೆಳಗೆ

10% ಕಡಿಮೆ ಆಯಿತು, ಕಾರು ಈಗಲೇ ಕೊಳ್ಳಬೇಡಿ. ಆದರೆ ಇವತ್ತಿನಿಂದಲೇ ಕಂತು ಕಟ್ಟಲು ಶುರು ಮಾಡಿ, ನಿಮ್ಮದೇ ಖಾತೆಗೆ. ಮೂರು ವರ್ಷದ ಸಾಲಕ್ಕೆ ಎಷ್ಟು ಬರುತ್ತದೋ ಅಷ್ಟು, ಅದರ ಜೊತೆಗೆ ವಿಮೆಯ ತಿಂಗಳ ಪಾಲು. ಆರೇಳು ತಿಂಗಳು ಹೀಗೆ ಕಟ್ಟಿದರೆ ರಿಪೇರಿ ಖಾತೆ 20%ರ ಹತ್ತಿರ ಬರುತ್ತದೆ. ಈ ಖರ್ಚಿನಲ್ಲಿ ಮನೆ ನಡೆಯುತ್ತದಾ ಅನ್ನೋದೂ ಕಾರು ಬರುವ ಮುಂಚೆಯೇ ಗೊತ್ತಾಗುತ್ತದೆ. ಅಷ್ಟರಲ್ಲಿ ಈ ನೀಲಿ ಕಾರು ಮಾರಿಹೋಗಬಹುದು, ಬೇಜಾರಾಗುತ್ತದೆ, ನನಗೆ ಗೊತ್ತು. ಆದರೂ ಅದೇ ಸರಿ.

ಸಂಪ್ ಬಗ್ಗೆ ಮಾಲೀಕರಿಗೆ ಹೀಗೆ ಹೇಳಿ: ಬಿಚ್ಚಿ ಜೋಡಿಸುವ ಕೂಲಿ, ಹೊಸ ಆಯಿಲ್, ಫಿಲ್ಟರ್, ಸೀಲಂಟ್ ಎಲ್ಲ ನನ್ನ ಖರ್ಚು, ಕಾರು ಕೊಳ್ಳದಿದ್ದರೂ ಸರಿ. ಪುಕ್ಕಟೆ ಆಯಿಲ್ ಬದಲಾವಣೆ ಆಗುವಾಗ ತುಂಬಾ ಜನ ಒಪ್ಪುತ್ತಾರೆ. ಆಗಲೂ ಬೇಡ ಅಂದರೆ, ಕಾಗದ ಇಲ್ಲದ ಆ ಎರಡು ವರ್ಷದ ಬಗ್ಗೆ ಇನ್ನೊಮ್ಮೆ ಕೇಳಿ. ಬೋರ್‌ಸ್ಕೋಪ್ ಚಿತ್ರಗಳು ಬಂದರೆ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.